ನಮ್ಮ ಕಡೆ ಮಳೆ ನಿಜಕ್ಕೂ ಕಡಿಮೆಯಾಗಿದೆಯಾ? ಕೋಲಾರ–ಚಿಕ್ಕಬಳ್ಳಾಪುರದ ಮಳೆ ಲೆಕ್ಕ

ರಾಗಿ ತೆನೆಯಲ್ಲೇ ಮೊಳಕೆ ಬಂದದ್ದನ್ನು ನಾನು ಮೊದಲು ನೋಡಿದ್ದು 2021ರ ನವೆಂಬರ್‌ನಲ್ಲಿ. ಚಿಂತಾಮಣಿ ತಾಲ್ಲೂಕಿನ ನಮ್ಮ ಹೊಲದಲ್ಲಿ ಕೊಯ್ಲಿಗೆ ಬಂದ ಪೈರು ನೆಲಕ್ಕೆ ಮಲಗಿಬಿಟ್ಟಿತ್ತು. ಒಂದು ತೆನೆ ಕಿತ್ತು ಬಿಡಿಸಿ ನೋಡಿದೆ. ಮಡಚಿದ ಬೆರಳಿನಂತಿರುವ ಅದರ ಸಂದಿಯಲ್ಲಿ ಸೂಜಿಮೊನೆಯಷ್ಟು ಹಸಿರು ಕಾಣಿಸಿತು. ಕಾಳು ಇನ್ನೂ ಗಿಡದ ಮೇಲಿದ್ದಾಗಲೇ ಮೊಳೆತಿತ್ತು. ಅಂಗೈಯಲ್ಲಿ ಉಜ್ಜಿದರೆ ಕಾಳು ಉದುರಲಿಲ್ಲ, ಅಂಟಿಕೊಂಡಿತು. ಮುಗ್ಗಲು ವಾಸನೆ. ಅಮ್ಮ ಏನೂ ಮಾತಾಡಲಿಲ್ಲ. ತೆನೆಯನ್ನು ನನ್ನ ಕೈಯಿಂದ ತೆಗೆದುಕೊಂಡು ಹಸುವಿನ ಮುಂದೆ ಹಾಕಿದರು.

ಅದೇ ವಾರ ಹೊಲದ ಮೂಲೆಯ ತೆರೆದ ಬಾವಿಯಲ್ಲಿ ನೀರು ಕಂಡಿತು. ಅದು ನಾವು ವರ್ಷಗಟ್ಟಲೆ ಕಸಕಡ್ಡಿ ಸುರಿಯುತ್ತಿದ್ದ ಬಾವಿ. ಅದರಲ್ಲಿ ನೀರು ಇತ್ತು ಅನ್ನೋದನ್ನು ನಮ್ಮ ಮನೆಯ ಮಕ್ಕಳು ಕತೆಯಾಗಿ ಮಾತ್ರ ಕೇಳಿದ್ದರು. ಎರಡು ದಿನ ಊರಿನವರೆಲ್ಲ ಬಂದು ಇಣುಕಿ ನೋಡಿಕೊಂಡು ಹೋದರು.

ಬಂದದ್ದು ಒಂದೇ ಮಳೆ. ಅದು ರಾಗಿ ಕೆಡಿಸಿತು, ಬಾವಿ ತುಂಬಿಸಿತು. ನಮ್ಮ ಕಡೆ ಮಳೆ ಮೊದಲಿನ ಹಾಗಿಲ್ಲ ಅನ್ನೋದು ಈಗ ಟೀ ಅಂಗಡಿಯಿಂದ ಗ್ರಾಮಸಭೆವರೆಗೆ ಎಲ್ಲರ ಬಾಯಲ್ಲೂ ಇರುವ ಮಾತು. ಆದರೆ ಏನು ಬದಲಾಗಿದೆ ಅಂತ ಕೇಳಿದರೆ ಹೆಚ್ಚಿನವರು ಕೊಡುವ ಉತ್ತರ ಒಂದೇ: "ಮಳೆ ಕಡಿಮೆಯಾಗಿದೆ." ನನಗೆ ಈ ಉತ್ತರ ಸರಿ ಅನಿಸುವುದಿಲ್ಲ. ತಪ್ಪು ಉತ್ತರ ಹಿಡಿದುಕೊಂಡರೆ ಪರಿಹಾರವೂ ತಪ್ಪು ಜಾಗದಲ್ಲೇ ಹುಡುಕುತ್ತೇವೆ. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಮೊದಲು ಒಟ್ಟು ಮಳೆಯ ಮಾತು. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಮೂರೂ ಬಯಲುಸೀಮೆಯ ಜಿಲ್ಲೆಗಳು. ವರ್ಷದ ಸರಾಸರಿ ಮಳೆ ಸುಮಾರು 600ರಿಂದ 750 ಮಿಲಿಮೀಟರ್ ನಡುವೆ. ಒಂದೇ ಜಿಲ್ಲೆಯೊಳಗೂ ವ್ಯತ್ಯಾಸ ಬಹಳ. ತುಮಕೂರು ಜಿಲ್ಲೆಯಲ್ಲಿ ಕುಣಿಗಲ್ ಕಡೆ ಬೀಳುವ ಮಳೆಗೂ ಪಾವಗಡದ ಮಳೆಗೂ ಹೋಲಿಕೆಯೇ ಇಲ್ಲ. ಮೈಸೂರು ಸಂಸ್ಥಾನದ ಕಾಲದಿಂದಲೇ ತಾಲ್ಲೂಕು ಕೇಂದ್ರಗಳಲ್ಲಿ ಮಳೆಮಾಪಕ ಇತ್ತು, ಅಳತೆ ಬರೆದಿಡುವ ಪದ್ಧತಿ ಇತ್ತು. ಹಾಗಾಗಿ ನಮ್ಮ ಹತ್ತಿರ ನೂರು ವರ್ಷಕ್ಕೂ ಹಳೆಯ ಲೆಕ್ಕವಿದೆ. ಆ ಲೆಕ್ಕದಲ್ಲಿ ನಮ್ಮ ವಾರ್ಷಿಕ ಮಳೆ ವರ್ಷದಿಂದ ವರ್ಷಕ್ಕೆ ಇಳಿಯುತ್ತಲೇ ಬಂದಿದೆ ಅನ್ನೋದಕ್ಕೆ ಆಧಾರ ಸಿಗುವುದಿಲ್ಲ. ಸಿಗುವುದು ಏರಿಳಿತ, ಅದೂ ಭಾರೀ ಏರಿಳಿತ.

ಈಚಿನ ಹತ್ತು ವರ್ಷವನ್ನೇ ನೋಡಿ. 2015ರ ನವೆಂಬರ್‌ನಲ್ಲಿ ಹಿಂಗಾರು ಜೋರಾಗಿ ಸುರಿಯಿತು. ಮರುವರ್ಷ 2016ರಲ್ಲಿ ಅದೇ ಹಿಂಗಾರು ಪೂರ್ತಿ ಕೈಕೊಟ್ಟಿತು. 2017ರ ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ ಮತ್ತೆ ಮಳೆಯೋ ಮಳೆ. 2021, 2022 ಎರಡೂ ವರ್ಷ ಕೆರೆಗಳು ಕೋಡಿ ಬಿದ್ದವು. 2023 ಬಂತು ನೋಡಿ, ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಅಂತ ಸರ್ಕಾರ ಘೋಷಿಸಬೇಕಾಯಿತು. 2025ರಲ್ಲಿ ಮುಂಗಾರು ಮೇ 24ಕ್ಕೇ ಕೇರಳ ಮುಟ್ಟಿತು. 2009ರ ನಂತರ ಅಷ್ಟು ಬೇಗ ಬಂದಿರಲಿಲ್ಲ.

ಇಂಥ ಕಡೆ "ಟ್ರೆಂಡ್" ಹೇಳುವುದು ಕಷ್ಟದ ಕೆಲಸ. ಎಲ್ಲಿಂದ ಎಣಿಸಲು ಶುರು ಮಾಡುತ್ತೀರಿ ಅನ್ನೋದರ ಮೇಲೆ ಉತ್ತರವೇ ಬದಲಾಗುತ್ತದೆ. 2016ರಿಂದ 2022ರವರೆಗೆ ಗೆರೆ ಎಳೆದರೆ ಮಳೆ ಏರುತ್ತಿದೆ ಅನಿಸುತ್ತದೆ. 2017ರಿಂದ 2023ರವರೆಗೆ ಎಳೆದರೆ ಇಳಿಯುತ್ತಿದೆ ಅನಿಸುತ್ತದೆ. ಬರಿ ಒಂದು ವರ್ಷ ಆಚೀಚೆ ಆಗಿದ್ದಕ್ಕೆ ಕತೆ ತಿರುಗಿಬಿಡುತ್ತದೆ. ಅದಕ್ಕೇ ಹವಾಮಾನದವರು ಮೂವತ್ತು ವರ್ಷಕ್ಕಿಂತ ಕಡಿಮೆ ಅವಧಿಯ ಲೆಕ್ಕವನ್ನು ನಂಬುವುದಿಲ್ಲ. ವಾಟ್ಸ್ಯಾಪ್‌ನಲ್ಲಿ ಐದು ವರ್ಷದ ಅಂಕಿ ಇಟ್ಟುಕೊಂಡು ಯಾರಾದರೂ "ಮಳೆ ಮುಗಿದೇ ಹೋಯಿತು" ಅಂದರೆ, ಅಥವಾ "ಕೋಲಾರ ಮಲೆನಾಡಾಗುತ್ತಿದೆ" ಅಂದರೆ, ಎರಡನ್ನೂ ನಂಬಬೇಡಿ.

ಹಾಗಾದರೆ ಮಳೆ ಕಡಿಮೆಯಾಗಿದೆ ಅಂತ ನಮಗೆ ಯಾಕೆ ಇಷ್ಟು ಗಟ್ಟಿಯಾಗಿ ಅನಿಸುತ್ತದೆ? ನನ್ನ ಪ್ರಕಾರ ಮುಖ್ಯ ಕಾರಣ ನೆಲದ ಕೆಳಗಿದೆ. ನಮ್ಮ ತಾತನ ಕಾಲದಲ್ಲಿ ಮೂವತ್ತು ನಲವತ್ತು ಅಡಿಯಲ್ಲಿ ನೀರು ಸಿಗುತ್ತಿತ್ತು. ಏತ, ಕಪಿಲೆ ಎಲ್ಲ ಆ ನೀರಿಗೆ. ಈಗ ಸಾವಿರ ಅಡಿ ದಾಟಿದರೂ ಬೋರ್‌ವೆಲ್‌ನಲ್ಲಿ ದೂಳು ಬರುವುದುಂಟು. ಬಾವಿ ಬತ್ತಿದ್ದನ್ನು ಕಣ್ಣಾರೆ ಕಂಡವರು ಮಳೆಯನ್ನು ದೂರುವುದು ಸಹಜ. ಆದರೆ ಬಾವಿ ಬತ್ತಿದ್ದು ಮೇಲಿಂದ ಬೀಳುವುದು ನಿಂತದ್ದಕ್ಕಲ್ಲ. ಕೆಳಗಿಂದ ಎತ್ತುವುದು ಮಿತಿ ಮೀರಿದ್ದಕ್ಕೆ. ನಮ್ಮದು ಗ್ರಾನೈಟ್ ಮತ್ತು ನೈಸ್ (gneiss) ಅನ್ನೋ ಗಟ್ಟಿ ಬಂಡೆಯ ನೆಲ. ಬಿದ್ದ ಮಳೆಯಲ್ಲಿ ಹತ್ತರಲ್ಲಿ ಒಂದು ಪಾಲಿನಷ್ಟು ಒಳಗಿಳಿದರೆ ಅದೇ ಹೆಚ್ಚು. ಬಂಡೆಯ ಬಿರುಕಿನಲ್ಲಿ ಎಷ್ಟೋ ವರ್ಷ ಸೇರಿಕೊಂಡ ನೀರನ್ನು ಒಂದೇ ತಲೆಮಾರು ಎತ್ತಿ ಮುಗಿಸಿತು. ನೀರು ಕಡಿಮೆಯಾದದ್ದು ಬೇರೆ, ಮಳೆ ಕಡಿಮೆಯಾದದ್ದು ಬೇರೆ. ಇವೆರಡನ್ನೂ ನಾವು ಒಂದೇ ಗಂಟಿನಲ್ಲಿ ಕಟ್ಟಿಟ್ಟಿದ್ದೇವೆ.

ಒಟ್ಟು ಮಳೆ ಕಡಿಮೆಯಾಗಿಲ್ಲ ಅಂದ ಮಾತ್ರಕ್ಕೆ ಏನೂ ಬದಲಾಗಿಲ್ಲ ಅಂತ ಅಲ್ಲ. ಬದಲಾಗುತ್ತಿರುವುದು ಮಳೆ ಬರುವ ರೀತಿ. ಎಷ್ಟು ದಿನ ಬರುತ್ತದೆ, ಒಂದು ಸಲ ಬಂದರೆ ಎಷ್ಟು ಬರುತ್ತದೆ, ಒಂದು ಮಳೆಗೂ ಇನ್ನೊಂದು ಮಳೆಗೂ ನಡುವೆ ಎಷ್ಟು ದಿನ ಬಿಡುತ್ತದೆ. ಹವಾಮಾನ ಇಲಾಖೆಯ ಲೆಕ್ಕದಲ್ಲಿ 24 ಗಂಟೆಯಲ್ಲಿ 2.5 ಮಿ.ಮೀ. ಅಥವಾ ಅದಕ್ಕಿಂತ ಜಾಸ್ತಿ ಬಿದ್ದರೆ ಅದು "ಮಳೆ ದಿನ". ನಮ್ಮ ಕಡೆ ವರ್ಷಕ್ಕೆ ಇಂಥ ದಿನಗಳು ಹೆಚ್ಚುಕಡಿಮೆ 40ರಿಂದ 50. ಅಂದರೆ ವರ್ಷದ 365 ದಿನಗಳಲ್ಲಿ 300ಕ್ಕೂ ಹೆಚ್ಚು ದಿನ ನಮಗೆ ಲೆಕ್ಕಕ್ಕೆ ಸಿಗುವಂಥ ಮಳೆಯೇ ಇಲ್ಲ. 64.5 ಮಿ.ಮೀ. ದಾಟಿದರೆ ಅದು ಭಾರೀ ಮಳೆ. 115.6 ದಾಟಿದರೆ ಅತಿ ಭಾರೀ. ವರ್ಷಕ್ಕೆ 700 ಮಿ.ಮೀ. ಬೀಳುವ ಊರಿನಲ್ಲಿ ಒಂದು ರಾತ್ರಿ 100 ಮಿ.ಮೀ. ಬಿದ್ದರೆ, ವರ್ಷದ ಏಳನೇ ಒಂದು ಪಾಲು ಒಂದೇ ರಾತ್ರಿಗೆ ಮುಗಿದ ಹಾಗೆ ಅಲ್ವಾ?

ಇದನ್ನು ಊಹಿಸಿಕೊಳ್ಳಲು ನಾನು ಬಳಸುವ ಲೆಕ್ಕ ಒಂದಿದೆ. ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿ.ಮೀ. ಮಳೆ ಅಂದರೆ ಒಂದು ಲೀಟರ್ ನೀರು. ಒಂದು ಎಕರೆ ಅಂದರೆ ಸುಮಾರು 4,047 ಚದರ ಮೀಟರ್. ಆ ಒಂದು ಎಕರೆಗೆ 60 ಮಿ.ಮೀ. ಬಿದ್ದರೆ ಸುಮಾರು 2 ಲಕ್ಷ 40 ಸಾವಿರ ಲೀಟರ್. 12 ಸಾವಿರ ಲೀಟರಿನ ದೊಡ್ಡ ಟ್ಯಾಂಕರ್ ಲೆಕ್ಕದಲ್ಲಿ ಇಪ್ಪತ್ತು ಟ್ಯಾಂಕರ್. ಬೇಸಿಗೆಯಲ್ಲಿ ತೋಟ ಉಳಿಸಿಕೊಳ್ಳಲು ಒಂದು ಟ್ಯಾಂಕರಿಗೆ ಕಾದು ಕೂತವರಿಗೆ ಈ ಸಂಖ್ಯೆ ಹೊಟ್ಟೆಗೆ ತಟ್ಟುತ್ತದೆ. ಅದೇ ಇಪ್ಪತ್ತು ಟ್ಯಾಂಕರ್ ನೀರನ್ನು ಒಂದು ಗಂಟೆಯಲ್ಲಿ ಇಳಿಜಾರಿನ ಕೆಂಪು ಮಣ್ಣಿನ ಮೇಲೆ ಸುರಿದರೆ ಏನಾಗುತ್ತದೆ? ಮೊದಲ ಹತ್ತು ನಿಮಿಷ ಮಣ್ಣು ಕುಡಿಯುತ್ತದೆ. ಆಮೇಲೆ ದೊಡ್ಡ ಹನಿಗಳ ಹೊಡೆತಕ್ಕೆ ಮೇಲ್ಮಣ್ಣು ಕಲಸಿ, ನೆಲ ಸಾರಿಸಿದ ಹಾಗೆ ಒಂದು ಪದರ ಕಟ್ಟಿಕೊಳ್ಳುತ್ತದೆ. ಅಲ್ಲಿಂದಾಚೆ ನೀರು ಒಳಗೆ ಇಳಿಯುವುದಿಲ್ಲ. ಗೊಬ್ಬರ ಹಾಕಿದ ಮಣ್ಣನ್ನೂ ಎತ್ತಿಕೊಂಡು ಬದು ಒಡೆದು ಹೋಗುತ್ತದೆ. ಮರುದಿನ ಮಧ್ಯಾಹ್ನ ಬಿಸಿಲಿಗೆ ಅದೇ ಪದರ ಹಪ್ಪಳದ ಹಾಗೆ ಎದ್ದು ಬಿರುಕು ಬಿಡುತ್ತದೆ. ಹೊಸದಾಗಿ ಬಿತ್ತಿದ ಹೊಲವಾದರೆ ಮೊಳಕೆ ಆ ಪದರವನ್ನು ಒಡೆದುಕೊಂಡು ಮೇಲೆ ಬರಲಾರದೆ ಅಲ್ಲೇ ಸಾಯುತ್ತದೆ.

ಈಗ ಎರಡು ಹೊಲ ಊಹಿಸಿಕೊಳ್ಳಿ. ಎರಡಕ್ಕೂ ಸೆಪ್ಟೆಂಬರ್‌ನಲ್ಲಿ 120 ಮಿ.ಮೀ. ಮಳೆ. ಒಂದಕ್ಕೆ ಎಂಟು ಸಲ, ಸಲಕ್ಕೆ 15 ಮಿ.ಮೀ. ಇನ್ನೊಂದಕ್ಕೆ ಒಂದೇ ರಾತ್ರಿ 90, ಆಮೇಲೆ ಇಪ್ಪತ್ತು ದಿನ ಬರಿ ಬಿಸಿಲು, ತಿಂಗಳ ಕೊನೆಗೆ 30. ತಿಂಗಳ ವರದಿಯಲ್ಲಿ ಎರಡೂ ಹೊಲಕ್ಕೂ "ವಾಡಿಕೆ ಮಳೆ" ಅಂತಲೇ ಬರೆಯುತ್ತಾರೆ. ಮೊದಲ ಹೊಲದವನು ರಾಗಿ ಮಾರುತ್ತಾನೆ. ಎರಡನೆಯವನು ಕೊಂಡು ತಿನ್ನುತ್ತಾನೆ.

ನಮ್ಮ ಹಿರಿಯರ ಮಳೆ ನಕ್ಷತ್ರದ ಲೆಕ್ಕ ನನಗೆ ದೊಡ್ಡದು ಅನಿಸುವುದು ಇಲ್ಲೇ. ಅಶ್ವಿನಿ, ಭರಣಿ, ಕೃತ್ತಿಕೆ, ರೋಹಿಣಿ ಅಂತ ಶುರುವಾಗಿ ಸ್ವಾತಿ, ವಿಶಾಖೆವರೆಗೆ. ಒಂದೊಂದೂ ಹದಿಮೂರು ಹದಿನಾಲ್ಕು ದಿನ. "ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ", "ಮಘೆ ಮಳೆ ಬಂದಷ್ಟೂ ಒಳ್ಳೇದು, ಮನೆ ಮಗ ಉಂಡಷ್ಟೂ ಒಳ್ಳೇದು" — ಇವನ್ನೆಲ್ಲ ನಾವು ಬರಿ ಗಾದೆ ಅಂದುಕೊಂಡಿದ್ದೇವೆ. ಸ್ವಲ್ಪ ಯೋಚಿಸಿ ನೋಡಿ. ಇದರಲ್ಲಿ ಎಲ್ಲೂ "ಒಟ್ಟು ಇಷ್ಟು ಮಳೆ" ಅನ್ನೋ ಲೆಕ್ಕವೇ ಇಲ್ಲ. ಇರುವುದು ಸರದಿಯ ಲೆಕ್ಕ. ಪ್ರತಿ ಎರಡು ವಾರಕ್ಕೆ ಒಂದು ಮಳೆ ಬಂತಾ ಇಲ್ವಾ, ಯಾವ ಮಳೆ ತಪ್ಪಿತು, ಯಾವುದು ಕೈ ಹಿಡಿಯಿತು ಅನ್ನೋ ಲೆಕ್ಕ. ರೈತ ಇವತ್ತಿಗೂ "ಪುಷ್ಯ ಕೈಕೊಟ್ಟಿತು, ಆಶ್ಲೇಷದಲ್ಲಿ ಒಂದು ಹದ ಆಯಿತು" ಅಂತಾನೇ ಮಾತಾಡುವುದು. ಹದ ಅಂದರೂ ಅಷ್ಟೇ, ಎಷ್ಟು ಸುರಿಯಿತು ಅಂತಲ್ಲ, ಮಣ್ಣು ನೇಗಿಲಿಗೆ ಎಷ್ಟು ಒಗ್ಗಿತು ಅಂತ. ಇವತ್ತು ವಿಜ್ಞಾನಿಗಳು ಮಳೆ ದಿನ, ಒಣ ಅವಧಿ, ತೀವ್ರತೆ ಅಂತ ಬೇರೆ ಬೇರೆ ಅಳೆಯುತ್ತಿರುವುದು ಇದನ್ನೇ. ಸರ್ಕಾರಿ ವರದಿ ಮಾತ್ರ ಇನ್ನೂ ಶೇಕಡಾ ಇಷ್ಟು ಕೊರತೆ, ಇಷ್ಟು ಹೆಚ್ಚುವರಿ ಅನ್ನೋ ಒಂದೇ ಸಾಲಿನಲ್ಲಿ ನಿಂತಿದೆ.

ಸರಿ, ಮಳೆ ಹೀಗೆ ಗುಡ್ಡೆ ಬಿದ್ದು ಸುರಿಯುತ್ತಿರುವುದು ನಿಜವೇ? ಎಷ್ಟು ಗಟ್ಟಿಯಾಗಿ ಹೇಳಬಹುದು? ಇಲ್ಲಿ ಒಂದು ಎಚ್ಚರಿಕೆ ಬೇಕು. ಈ ವಿಷಯದಲ್ಲಿ ಎಲ್ಲರೂ ಹೆಸರಿಸುವ ಅಧ್ಯಯನಗಳು ಮಧ್ಯ ಭಾರತದವು. ಬಿ.ಎನ್. ಗೋಸ್ವಾಮಿ ಮತ್ತು ಜೊತೆಗಾರರು 2006ರಲ್ಲಿ ಪ್ರಕಟಿಸಿದ ಅಧ್ಯಯನ 1951ರಿಂದ 2000ದವರೆಗಿನ ಮಳೆ ನೋಡಿತ್ತು. ಮುಂಗಾರಿನ ಒಟ್ಟು ಮಳೆ ಹೆಚ್ಚುಕಡಿಮೆ ಹಾಗೇ ಇದೆ, ಆದರೆ ಭಾರೀ ಮಳೆ ಹೆಚ್ಚಾಗಿದೆ, ಮಧ್ಯಮ ಮಳೆ ಕಡಿಮೆಯಾಗಿದೆ ಅಂತ ಅದು ತೋರಿಸಿತು. ರಾಕ್ಸಿ ಮ್ಯಾಥ್ಯೂ ಕೋಲ್ ಮತ್ತು ತಂಡದ 2017ರ ಅಧ್ಯಯನದಲ್ಲಿ, 1950ರಿಂದ 2015ರ ನಡುವೆ ಮಧ್ಯ ಭಾರತದಲ್ಲಿ ವ್ಯಾಪಕವಾದ ಅತಿವೃಷ್ಟಿ ಘಟನೆಗಳು ಮೂರು ಪಟ್ಟಾಗಿವೆ ಅಂತ ಕಂಡುಬಂತು. ಇವನ್ನು ಹಾಗೇ ತಂದು ಕೋಲಾರಕ್ಕೆ ಅಂಟಿಸುವುದು ಸರಿಯಲ್ಲ. ಅಲ್ಲಿ ಮಳೆ ತರುವ ಗಾಳಿಯೇ ಬೇರೆ, ನಮ್ಮದೇ ಬೇರೆ.

ನಮಗೆ ಹತ್ತಿರದ್ದು ಇಂಧನ, ಪರಿಸರ, ನೀರಿನ ಬಗ್ಗೆ ಅಧ್ಯಯನ ಮಾಡುವ ದೆಹಲಿಯ ಸಿಇಇಡಬ್ಲ್ಯು ಸಂಸ್ಥೆ 2024ರಲ್ಲಿ ಹೊರತಂದ ತಾಲ್ಲೂಕು ಮಟ್ಟದ ವಿಶ್ಲೇಷಣೆ. 1982ರಿಂದ 2022ರವರೆಗಿನ ನಲವತ್ತು ವರ್ಷದ ಮಳೆಯನ್ನು ತಾಲ್ಲೂಕುವಾರು ನೋಡಿದ್ದಾರೆ. ಕೊನೆಯ ಹತ್ತು ವರ್ಷದಲ್ಲಿ ದೇಶದ ಶೇಕಡಾ 64ರಷ್ಟು ತಾಲ್ಲೂಕುಗಳಲ್ಲಿ ಭಾರೀ ಮಳೆಯ ದಿನಗಳು ಹೆಚ್ಚಾಗಿವೆ, ಹಾಗೆ ಹೆಚ್ಚಾದ ರಾಜ್ಯಗಳಲ್ಲಿ ಕರ್ನಾಟಕವೂ ಇದೆ. ಇನ್ನೂ ಮುಖ್ಯವಾದದ್ದು, ಶೇಕಡಾ 48ರಷ್ಟು ತಾಲ್ಲೂಕುಗಳಲ್ಲಿ ಅಕ್ಟೋಬರ್ ಮಳೆ ಹತ್ತು ಪರ್ಸೆಂಟಿಗಿಂತ ಜಾಸ್ತಿ ಏರಿದೆ. ಮುಂಗಾರು ವಾಪಸ್ ಹೋಗುವುದು ತಡವಾಗುತ್ತಿದೆ. ಹವಾಮಾನ ಇಲಾಖೆಯೇ 2020ರಲ್ಲಿ ವಾಯವ್ಯ ಭಾರತದಿಂದ ಮುಂಗಾರು ಹಿಂದೆ ಸರಿಯಲು ಶುರು ಮಾಡುವ ದಿನವನ್ನು ಸೆಪ್ಟೆಂಬರ್ 1ರಿಂದ 17ಕ್ಕೆ ತಿದ್ದಿತು.

ಹಿಂದಿರುವ ಭೌತಶಾಸ್ತ್ರ ಸರಳ. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಅದು ಹಿಡಿದಿಟ್ಟುಕೊಳ್ಳಬಲ್ಲ ನೀರಾವಿ ಸುಮಾರು ಶೇಕಡಾ 7 ಹೆಚ್ಚುತ್ತದೆ. ಭಾರತದ ಸರಾಸರಿ ಉಷ್ಣಾಂಶ 1901ರಿಂದ 2018ರ ನಡುವೆ ಸುಮಾರು 0.7 ಡಿಗ್ರಿ ಏರಿದೆ. ಗಾಳಿಯನ್ನು ನೀರಾವಿ ತುಂಬುವ ಚೀಲ ಅಂದುಕೊಳ್ಳಿ. ದೊಡ್ಡ ಚೀಲ ತುಂಬಲು ಹೊತ್ತು ಹಿಡಿಯುತ್ತದೆ, ಹಾಗಾಗಿ ನಡುವೆ ಒಣ ದಿನ ಜಾಸ್ತಿ. ಸುರಿದಾಗ ಒಟ್ಟಿಗೇ ಸುರಿಯುತ್ತದೆ.

ನಮ್ಮ ಕಡೆ ಇದು ಕೆಲಸ ಮಾಡುವ ಬಗೆಯೇ ಬೇರೆ. ಜೂನ್, ಜುಲೈನಲ್ಲಿ ಅರಬ್ಬೀ ಸಮುದ್ರದಿಂದ ಬರುವ ಮೋಡ ಪಶ್ಚಿಮ ಘಟ್ಟದ ಮೇಲೆ ಹೊರೆ ಇಳಿಸಿಬಿಡುತ್ತದೆ. ಆಗುಂಬೆ ತೊಯ್ಯುವಾಗ ನಮಗೆ ಬರುವುದು ಗಾಳಿ, ಆಗಾಗ ಒಂದು ತುಂತುರು. ನಮ್ಮ ಮಳೆ ಎರಡು ಕಡೆ ಗುಂಪುಗೂಡಿದೆ: ಮೇ ತಿಂಗಳ ಗುಡುಗು ಮಳೆ, ಆಮೇಲೆ ಸೆಪ್ಟೆಂಬರ್–ಅಕ್ಟೋಬರ್. ಸಂಜೆ ನಾಲ್ಕಕ್ಕೆ ಮೂಡಣದಲ್ಲಿ ಮೋಡ ಕಟ್ಟಿ, ಆರಕ್ಕೆ ಗುಡುಗಿ, ಒಂದೂರಿಗೆ ಸುರಿದು ಪಕ್ಕದೂರನ್ನು ಒಣಗಿಸಿ ಹೋಗುವ ಮಳೆ ಇದು. ನವೆಂಬರ್ ಹೊತ್ತಿಗೆ ಬಂಗಾಳ ಕೊಲ್ಲಿಯ ವಾಯುಭಾರ ಕುಸಿತಗಳು ಚೆನ್ನೈ, ತಿರುಪತಿ ದಾಟಿ ನಮ್ಮನ್ನು ಮುಟ್ಟುತ್ತವೆ. 2021ರ ನವೆಂಬರ್‌ನಲ್ಲಿ ಬಂದದ್ದು ಇವೇ. ಒಂದರ ಹಿಂದೆ ಒಂದು. ಕೋಲಾರದ ಟೊಮೇಟೊ ಹೊಲದಲ್ಲೇ ಕೊಳೆತು, ಬೆಂಗಳೂರಿನಲ್ಲಿ ಕೆಜಿಗೆ ನೂರು ರೂಪಾಯಿ ದಾಟಿತು. 2024ರ ನವೆಂಬರ್ ಕೊನೆಗೆ ಫೆಂಗಲ್ ಚಂಡಮಾರುತ ಪುದುಚೇರಿ ಹತ್ತಿರ ದಡ ಸೇರಿದಾಗ ಡಿಸೆಂಬರ್ ಮೊದಲ ದಿನಗಳಲ್ಲಿ ನಮ್ಮ ಕಡೆ ಶಾಲೆಗೆ ರಜೆ ಕೊಡಬೇಕಾಯಿತು. ಆ ಹೊತ್ತಿಗೆ ರಾಗಿ ಕೊಯ್ದು ಹೊಲದಲ್ಲೇ ಹಾಸಿದ್ದವರು ಬಹಳ ಜನ. ಮೆದೆ ಹಾಕಿದವರು ಬಚಾವಾದರು. ಹಾಸಿದವರ ಹುಲ್ಲು ಕೂಡ ದನ ಮೂಸಲಿಲ್ಲ.

ರಾಗಿಗೆ ಇದು ಎಂಥ ಇಕ್ಕಟ್ಟು ಅನ್ನೋದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಎಂಆರ್-6ನಂಥ ದೀರ್ಘಾವಧಿ ತಳಿಗೆ ನಾಲ್ಕು ತಿಂಗಳು ಬೇಕು. ಜುಲೈನಲ್ಲಿ ಬಿತ್ತಿದರೆ ನವೆಂಬರ್‌ಗೆ ಕೊಯ್ಲು. ಜುಲೈನಲ್ಲಿ ಹದ ಸಿಗದೆ ಆಗಸ್ಟ್‌ಗೆ ಹೋದರೆ ಡಿಸೆಂಬರ್. ಜಿಪಿಯು-48ರಂಥ ನೂರು ದಿನದ ಆಸುಪಾಸಿನ ತಳಿ ಹಾಕಿ ಅಂತ ಕೃಷಿ ವಿಜ್ಞಾನಿಗಳು ಹೇಳುತ್ತಾರೆ, ತಡ ಬಿತ್ತನೆಗೆ ಅದು ಸರಿಯಾದ ಸಲಹೆಯೇ. ಆದರೆ ಅದನ್ನು ಆತುರಪಟ್ಟು ಜುಲೈ ಮೊದಲಲ್ಲೇ ಬಿತ್ತಿದರೆ ಅಕ್ಟೋಬರ್ ಮಳೆಯ ಬಾಯಿಗೆ ಸರಿಯಾಗಿ ತೆನೆ ಹಣ್ಣಾಗುತ್ತದೆ. ಬೇಗ ಬಿತ್ತಿದರೂ ಕಷ್ಟ, ತಡ ಮಾಡಿದರೂ ಕಷ್ಟ. ಆಗಸ್ಟ್ ಕೊನೆವರೆಗೂ ಹದ ಆಗದಿದ್ದರೆ ರಾಗಿ ಆಸೆ ಬಿಟ್ಟು ಹುರುಳಿ ಚೆಲ್ಲುವುದು ನಮ್ಮಲ್ಲಿ ಹಳೆಯ ರೂಢಿ. ಅಕ್ಕಡಿ ಸಾಲಿನಲ್ಲಿ ರಾಗಿ ಜೊತೆ ಅವರೆ, ತೊಗರಿ, ಸಾಸಿವೆ ಹಾಕುತ್ತಿದ್ದುದೂ ಇದೇ ಕಾರಣಕ್ಕೆ. ಒಂದು ಮಳೆ ತಪ್ಪಿದರೆ ಒಂದು ಬೆಳೆ ಹೋಗುತ್ತದೆ, ಇನ್ನೊಂದು ಉಳಿಯುತ್ತದೆ. ಟ್ರ್ಯಾಕ್ಟರ್ ಬಿತ್ತನೆ ಬಂದ ಮೇಲೆ ಅಕ್ಕಡಿ ಕಡಿಮೆಯಾಯಿತು. ಅದನ್ನು ಕಳೆದುಕೊಂಡದ್ದು ನಷ್ಟ ಅಂತ ನನಗೆ ಅನಿಸುವುದು ಇಂಥ ವರ್ಷಗಳಲ್ಲೇ.

ಇಲ್ಲಿವರೆಗೆ ಓದಿದರೆ ಜೋರು ಮಳೆ ಅಂದರೆ ಬರಿ ಕೆಡುಕು ಅನಿಸಬಹುದು. ಆದರೆ ಆ ಬಾವಿ? ಅದು ತುಂಬಿದ್ದು ಸೋನೆ ಮಳೆಗಲ್ಲ. ವಿಮಲ್ ಮಿಶ್ರಾ ಮತ್ತು ಜೊತೆಗಾರರು 2018ರಲ್ಲಿ ಪ್ರಕಟಿಸಿದ ಅಧ್ಯಯನ ಇದರ ಬಗ್ಗೆ ಬಹಳ ಮುಖ್ಯವಾದ ಮಾತು ಹೇಳುತ್ತದೆ. ವಾಯವ್ಯ ಭಾರತದಲ್ಲಿ ಅಂತರ್ಜಲ ತುಂಬಿಸುವುದು ಮೆಲ್ಲಗೆ ಬೀಳುವ ಮಳೆ. ದಕ್ಷಿಣದಲ್ಲಿ ಜೋರು ಮಳೆ. ಯೋಚಿಸಿದರೆ ಇದು ನಮ್ಮ ಅನುಭವಕ್ಕೆ ಹೊಂದುತ್ತದೆ. ಸಣ್ಣ ಮಳೆಯನ್ನು ಹೊಲದ ಮೇಲ್ಮಣ್ಣು ಮತ್ತು ಬಿಸಿಲು ಹಂಚಿಕೊಂಡು ಮುಗಿಸಿಬಿಡುತ್ತವೆ. ಗಟ್ಟಿ ಬಂಡೆಯ ನೆಲದಲ್ಲಿ ನೀರು ಬಿರುಕಿಗೆ ಇಳಿಯಬೇಕಾದರೆ ಅದು ಎಲ್ಲಾದರೂ ನಿಲ್ಲಬೇಕು, ವಾರಗಟ್ಟಲೆ ನಿಲ್ಲಬೇಕು. ಹಾಗೆ ನಿಲ್ಲುವಷ್ಟು ನೀರು ಹರಿದು ಬರುವುದು ಜೋರು ಮಳೆಯಲ್ಲಿ ಮಾತ್ರ.

ನಿಲ್ಲುವ ಜಾಗ ಅಂದರೆ ಕೆರೆ. ಅವಿಭಜಿತ ಕೋಲಾರ ಜಿಲ್ಲೆಯಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ಕೆರೆಗಳಿದ್ದವು. ವರ್ಷವಿಡೀ ಹರಿಯುವ ನದಿ ಒಂದೂ ಇಲ್ಲ. ಪಾಲಾರ್, ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ, ಪಾಪಾಗ್ನಿ, ಚಿತ್ರಾವತಿ, ತುಮಕೂರಿನ ಜಯಮಂಗಲಿ ಎಲ್ಲವೂ ಇಲ್ಲೇ ಸಣ್ಣ ಬೆಟ್ಟಗಳಲ್ಲಿ ಹುಟ್ಟಿ ಮಳೆ ಬಂದಾಗ ಮಾತ್ರ ಮೈದುಂಬುವವು. ವರ್ಷದಲ್ಲಿ ನಾಲ್ಕೈದು ಸಲ ಜೋರಾಗಿ ಸುರಿದು ಉಳಿದಂತೆ ಒಣಗುವ ಸೀಮೆ ಇದು ಅಂತ ಕೆರೆ ಕಟ್ಟಿದವರಿಗೆ ಚೆನ್ನಾಗಿ ಗೊತ್ತಿತ್ತು. ಮೇಲಿನ ಕೆರೆ ಕೋಡಿ ಬಿದ್ದರೆ ಕೆಳಗಿನ ಕೆರೆಗೆ, ಅದು ತುಂಬಿದರೆ ಅದರ ಕೆಳಗಿನದಕ್ಕೆ. ಒಂದು ರಾತ್ರಿಯ ಮಳೆಯನ್ನು ಹತ್ತಾರು ಊರು ಹಂಚಿಕೊಳ್ಳುವ ಏರ್ಪಾಡು. ತೂಬು ಎತ್ತಲು, ಕಾಲುವೆ ಕಾಯಲು ನೀರಗಂಟಿ ಇದ್ದ. ಹೊಲಕ್ಕೆ ಬೇಕಾದದ್ದು ಗುಟುಕು ಗುಟುಕು ಮಳೆ, ಕೆರೆಗೆ ಬೇಕಾದದ್ದು ಕೊಡ ಮಗುಚಿದಂಥ ಮಳೆ. ಈಗ ಬರುತ್ತಿರುವುದು ಎರಡನೆಯದೇ ಆಗಿದ್ದರೆ, ಅದನ್ನು ಹಿಡಿಯಲೆಂದೇ ಕಟ್ಟಿದ ಸಾಧನ ನಮ್ಮ ಊರೂರಲ್ಲಿ ಇದೆ. ಈ ಅನುಕೂಲ ಎಲ್ಲ ಸೀಮೆಗೂ ಇಷ್ಟು ದಟ್ಟವಾಗಿ ಇಲ್ಲ. ಅದನ್ನು ನಾವು ಹಾಳು ಬಿಟ್ಟಿರುವುದು ನನಗೆ ತಡೆಯಲಾರದ ನೋವು.

ಹಾಳಾದದ್ದು ಕೆರೆಯ ಅಂಗಳ ಮಾತ್ರ ಅಲ್ಲ. ಹೂಳೆತ್ತುವ ಫೋಟೊ ಪೇಪರಿನಲ್ಲಿ ಬರುತ್ತದೆ, ಕಾಲುವೆಯ ಫೋಟೊ ಬರುವುದಿಲ್ಲ. ಕೆರೆಗೆ ನೀರು ತರುವ ರಾಜಕಾಲುವೆ ಒಬ್ಬರ ಹೊಲದಲ್ಲಿ ಬದುವಾಗಿದೆ, ಇನ್ನೊಬ್ಬರ ಲೇಔಟಿನಲ್ಲಿ ರಸ್ತೆಯಾಗಿದೆ. ಗುಂಡುತೋಪು, ಗೋಮಾಳ ಇದ್ದ ಕಡೆ ನೀಲಗಿರಿ ಬಂತು. 2017ರಲ್ಲಿ ರಾಜ್ಯ ಸರ್ಕಾರ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿತಾದರೂ ನೆಟ್ಟದ್ದು ಇನ್ನೂ ಬಹಳ ಕಡೆ ನಿಂತಿದೆ. ಹಳ್ಳದ ಮರಳು ತೆಗೆದದ್ದರಿಂದ ನೀರು ಇಂಗಿಸುತ್ತಿದ್ದ ಹಾಸಿಗೆಯೇ ಹೋಯಿತು.

ಇಲ್ಲಿ ಕೆ.ಸಿ. ವ್ಯಾಲಿ (ಕೋರಮಂಗಲ–ಚಲ್ಲಘಟ್ಟ) ಮತ್ತು ಎಚ್.ಎನ್. ವ್ಯಾಲಿ (ಹೆಬ್ಬಾಳ–ನಾಗವಾರ) ಯೋಜನೆಗಳ ಬಗ್ಗೆ ಒಂದು ಮಾತು ಹೇಳಲೇಬೇಕು. ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು 2018ರಲ್ಲಿ ಲಕ್ಷ್ಮೀಸಾಗರ ಕೆರೆಗೆ ಬಂತು. ಕೆ.ಸಿ. ವ್ಯಾಲಿಯಿಂದ ದಿನಕ್ಕೆ 440 ದಶಲಕ್ಷ ಲೀಟರ್ ಕೋಲಾರದ ಕೆರೆಗಳಿಗೆ, ಎಚ್.ಎನ್. ವ್ಯಾಲಿಯಿಂದ 210 ದಶಲಕ್ಷ ಲೀಟರ್ ನಮ್ಮ ಕಡೆಗೆ ಅನ್ನೋದು ಯೋಜನೆಯ ಗುರಿ. ನೀರಿನ ಗುಣಮಟ್ಟದ ಜಗಳ ಎಲ್ಲರಿಗೂ ಗೊತ್ತು, ಎರಡು ಹಂತದ ಶುದ್ಧೀಕರಣ ಸಾಲದು ಅನ್ನುವವರ ಜೊತೆ ನಾನೂ ಇದ್ದೇನೆ. ಆದರೆ ಮಳೆಯ ದೃಷ್ಟಿಯಿಂದ ಯಾರೂ ಹೆಚ್ಚು ಕೇಳದ ಪ್ರಶ್ನೆ ಇನ್ನೊಂದಿದೆ. ಪೈಪಿನ ನೀರಿನಿಂದ ವರ್ಷವಿಡೀ ತುಂಬಿರುವ ಕೆರೆಗೆ ಅಕ್ಟೋಬರ್‌ನಲ್ಲಿ ಒಂದೇ ರಾತ್ರಿ 100 ಮಿ.ಮೀ. ಸುರಿದರೆ ಆ ನೀರಿಗೆ ಜಾಗ ಎಲ್ಲಿ? ನೇರ ಕೋಡಿ ಹತ್ತಿ, ಕೆಳಗಿನ ಹೊಲ ಕೊಚ್ಚಿಕೊಂಡು ತಮಿಳುನಾಡಿನ ಕಡೆ ಹೋಗುತ್ತದೆ. ಶುದ್ಧ ಮಳೆ ನೀರು ಹೊರಗೆ, ಸಂಸ್ಕರಿಸಿದ ನೀರು ಒಳಗೆ. ಸೆಪ್ಟೆಂಬರ್ ಹೊತ್ತಿಗೆ ಪೈಪಿನ ನೀರು ತಗ್ಗಿಸಿ ಕೆರೆಯಲ್ಲಿ ಮಳೆಗೆ ಜಾಗ ಬಿಡುವ ಒಂದು ಸಣ್ಣ ನಿಯಮ ಸಾಕು. ಅದಕ್ಕೆ ಪಶ್ಚಿಮ ಘಟ್ಟದಿಂದ ನೀರು ತರುವ ಎತ್ತಿನಹೊಳೆ ಯೋಜನೆಯಷ್ಟು ದುಡ್ಡು ಬೇಡ.

ಲೆಕ್ಕ ಇಡುವ ವಿಧಾನ ಬದಲಾಗಬೇಕು ಅನ್ನೋದು ನನ್ನ ಇನ್ನೊಂದು ಒತ್ತಾಯ. ಕೇಂದ್ರದ 2016ರ ಬರ ಕೈಪಿಡಿ ಮಳೆ ಕೊರತೆಯ ಜೊತೆ ಒಣ ಅವಧಿಯನ್ನೂ ನೋಡುತ್ತದೆ, ಅದು ಒಳ್ಳೆಯದೇ. ಆದರೆ ಅಲ್ಲಿ ವಾರಗಟ್ಟಲೆ ಸತತ ಕೊರತೆ ಕಾಣಿಸಬೇಕು. ಹೂ ಬಿಡುವ ಹಂತದಲ್ಲಿರುವ ರಾಗಿಗೆ ಅಷ್ಟು ಪುರುಸೊತ್ತಿಲ್ಲ. ನಡುವೆ ಒಂದು ಸಂಜೆ ಬಿರುಮಳೆ ಬಿದ್ದು ಹರಿದು ಹೋದರೂ ಆ ವಾರದ ಅಂಕಿ ತುಂಬಿಬಿಡುತ್ತದೆ, ಒಣ ಅವಧಿಯ ಎಣಿಕೆ ಮತ್ತೆ ಸೊನ್ನೆಯಿಂದ ಶುರು. ಕರ್ನಾಟಕದಲ್ಲಿ ಗ್ರಾಮ ಪಂಚಾಯ್ತಿಗೊಂದು ಟೆಲಿಮೆಟ್ರಿಕ್ ಮಳೆಮಾಪಕ ಇದೆ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರಕ್ಕೆ 15 ನಿಮಿಷಕ್ಕೊಮ್ಮೆ ಅಂಕಿ ಹೋಗುತ್ತದೆ. ದೇಶದಲ್ಲೇ ಇಷ್ಟು ದಟ್ಟ ಜಾಲ ಅಪರೂಪ. ಅಷ್ಟು ಒಳ್ಳೆಯ ಅಂಕಿ ಇಟ್ಟುಕೊಂಡು ನಾವು ರೈತರಿಗೆ ಹೇಳುವುದು "ಈ ತಿಂಗಳು ವಾಡಿಕೆಗಿಂತ ಶೇಕಡಾ 12 ಹೆಚ್ಚು" ಅಂತ. ಅದರ ಬದಲು ಪ್ರತಿ ಪಂಚಾಯ್ತಿ ಗೋಡೆಯ ಮೇಲೆ ನಾಲ್ಕು ಸಾಲು ಬರೆಯಬಹುದು: ಈ ತಿಂಗಳು ಮಳೆ ದಿನ ಎಷ್ಟು, ಮಳೆ ಇಲ್ಲದೆ ಕಳೆದ ಅತಿ ಉದ್ದದ ಅವಧಿ ಎಷ್ಟು ದಿನ, ಒಂದು ಗಂಟೆಯಲ್ಲಿ ಬಿದ್ದ ಅತಿ ಹೆಚ್ಚು ಮಳೆ ಎಷ್ಟು, ಒಟ್ಟು ಎಷ್ಟು. ಆಗ ಮೂವತ್ತು ವರ್ಷ ಕಾದು ಯಾರೋ ಹೇಳಬೇಕಿಲ್ಲ, ಊರಿಗೇ ಗೊತ್ತಾಗುತ್ತದೆ.

ಆ ಗಂಟೆಯ ಲೆಕ್ಕ ಇನ್ನೊಂದಕ್ಕೂ ಬೇಕು. ನಮ್ಮೂರ ಕೆರೆಯ ಕಾಲುವೆಯನ್ನು ಕಳೆದ ಬೇಸಿಗೆಯಲ್ಲಿ ನಾವು ಹದಿನೈದು ಇಪ್ಪತ್ತು ಜನ ಸೇರಿ ಬಿಡಿಸಿದೆವು. ಮುಳ್ಳು ಕಡಿದು, ಇಬ್ಬರು ಹೊಲದವರನ್ನು ಒಪ್ಪಿಸಿ, ಸುಮಾರು ನಾನೂರು ಮೀಟರ್. ಅಕ್ಟೋಬರ್‌ನಲ್ಲಿ ಮಳೆ ಬಂದ ರಾತ್ರಿ ಟಾರ್ಚ್ ಹಿಡಿದು ಹೋಗಿ ನೋಡಿದೆವು. ಕೆಮ್ಮಣ್ಣಿನ ನೀರು ಕಾಲುವೆ ತುಂಬ ಬರುತ್ತಿತ್ತು. ಬಂದು ರಸ್ತೆಯ ಹತ್ತಿರ ನಿಂತುಬಿಟ್ಟಿತು. ಕೆಲವು ವರ್ಷದ ಹಿಂದೆ ರಸ್ತೆ ಅಗಲ ಮಾಡಿದಾಗ ಅಲ್ಲಿದ್ದ ಹಳೆಯ ಕಲ್ಲಿನ ಮೋರಿ ತೆಗೆದು ಎರಡು ಅಡಿಯ ಒಂದು ಪೈಪ್ ಇಟ್ಟಿದ್ದಾರೆ. ಹಳೇ ಮೋರಿಯಲ್ಲಿ ಎಮ್ಮೆ ನುಗ್ಗಿ ಆಚೆ ಬರುತ್ತಿತ್ತು ಅಂತ ಜೊತೆಗಿದ್ದ ಹಿರಿಯರು ಹೇಳಿದರು. ಪೈಪಿನ ಬಾಯಿಗೆ ಸೊಪ್ಪುಸದೆ ಕಟ್ಟಿಕೊಂಡಿತ್ತು. ಒಬ್ಬ ಹುಡುಗ ಇಳಿದು ಕೈಯಿಂದಲೇ ಕಿತ್ತು ಕಿತ್ತು ಎಸೆದ. ಸ್ವಲ್ಪ ಹೊತ್ತಿಗೆ ಆಚೆ ಕಡೆ ಕೆರೆಯ ಅಂಗಳದಲ್ಲಿ ನೀರು ಬಿದ್ದ ಸದ್ದು ಕೇಳಿಸಿತು. ಉಳಿದದ್ದು ರಸ್ತೆಯ ಮೇಲೆ ಹರಿದು ಇಳಿಜಾರಿನ ಹಿಪ್ಪುನೇರಳೆ ತೋಟಕ್ಕೆ ಹೋಯಿತು. ಪೈಪ್ ಬದಲಿಸಿ ಅಗಲದ ಮೋರಿ ಹಾಕಿಕೊಡಿ ಅಂತ ಅರ್ಜಿ ಕೊಟ್ಟಿದ್ದೇವೆ. ಆ ರಾತ್ರಿ ನಮ್ಮ ಪಂಚಾಯ್ತಿಯ ಮಳೆಮಾಪಕದಲ್ಲಿ ಗಂಟೆಗೆ ಎಷ್ಟು ಬಿತ್ತು ಅನ್ನೋ ಅಂಕಿಯನ್ನೂ ಕೇಳಿ ಪಡೆದು, ಅರ್ಜಿಯ ಜೊತೆ ಲಗತ್ತಿಸಿದ್ದೇವೆ.